ಅತ್ತೆಯ ತೂಕ ಇಳಿದಿದೆ, ಆದರೆ ಎದ್ದು ನಿಲ್ಲಲಾಗುತ್ತಿಲ್ಲ

ಪ್ರಶ್ನೆ: ನನ್ನ ಅತ್ತೆಗೆ 78 ವರ್ಷ. ಊರು ಕುಂದಾಪುರ ಕಡೆ, ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಐದು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು, ಆಪರೇಶನ್ ಆಯಿತು. ಆಗ ಅವರ ತೂಕ 74 ಕಿಲೋ, ಎತ್ತರ 152 ಸೆಂ.ಮೀ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಸಕ್ಕರೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಕೊಡುತ್ತಿದ್ದೇವೆ. ನಾನೂ ಯಜಮಾನರೂ ಕೆಲಸಕ್ಕೆ ಹೋಗುವವರು, ಲೋಕಲ್ ಹಿಡಿದು ಮನೆ ಸೇರುವಾಗ ರಾತ್ರಿ ಎಂಟು. ಆರೈಕೆಯವರನ್ನು ಕಳಿಸುವ ಬ್ಯೂರೋದಿಂದ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಒಬ್ಬ ಮಾವಶಿ (ನೋಡಿಕೊಳ್ಳುವ ಹೆಂಗಸು) ಬರುತ್ತಾರೆ. ಮೊದಲು ಬಂದಾಕೆ 'ಆಜಿ ಫಾರ್ ಜಡ್ ಆಹೇತ್' (ಅಜ್ಜಿ ತುಂಬಾ ಭಾರ) ಎಂದು ಒಂದೇ ವಾರಕ್ಕೆ ಬಿಟ್ಟುಹೋದಳು. ತೂಕ ಇಳಿಸಿದರೆ ಎಲ್ಲರಿಗೂ ಸುಲಭ ಎಂದು ಬ್ಯೂರೋದವರೂ ಹೇಳಿದರು. ಅದಕ್ಕೇ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಸ್ವಲ್ಪ ಅನ್ನ-ಸಾರು, ಸಂಜೆ ಚಹಾ-ಬಿಸ್ಕತ್ತು, ರಾತ್ರಿ ಮತ್ತೆ ಗಂಜಿ ಎಂದು ಮಾಡಿದೆವು. ಮುಳ್ಳು ಸಿಕ್ಕೀತೆಂದು ಮೀನು ಬಿಡಿಸಿದೆವು. ಈಗ 66 ಕಿಲೋ. ಆದರೆ ಎರಡು ತಿಂಗಳ ಹಿಂದೆ ವಾಕರ್ ಹಿಡಿದು ಕಮೋಡ್‌ವರೆಗೆ ಹೋಗಿ ತಾವೇ ಎದ್ದು ಬರುತ್ತಿದ್ದವರನ್ನು ಈಗ ಇಬ್ಬರು ಹಿಡಿದು ಎಬ್ಬಿಸಬೇಕು. ಬೆಂಗಳೂರಿನಲ್ಲಿರುವ ನಾದಿನಿ 'ಇನ್ನೂ ಹತ್ತು ಕಿಲೋ ಇಳಿಯಲಿ, ಈಗ ಇಂಜೆಕ್ಷನ್ ಬಂದಿದೆಯಲ್ಲ' ಎನ್ನುತ್ತಾರೆ. ನೋಡಲು ಬಂದ ನೆಂಟರು 'ಎಷ್ಟು ಬಡವಾಗಿದ್ದಾರೆ' ಎಂದು ನನ್ನ ಮುಖ ನೋಡುತ್ತಾರೆ. ತೂಕ ಇಳಿಸಬೇಕೇ, ಏರಿಸಬೇಕೇ? ಅತ್ತೆಯಂತೂ ಏನು ಕೊಟ್ಟರೂ ಹಸಿವಿಲ್ಲ ಎನ್ನುತ್ತಾರೆ.

ಉತ್ತರ: ಸದ್ಯಕ್ಕೆ ಇಳಿಸುವುದೂ ಬೇಡ, ಏರಿಸುವುದೂ ಬೇಡ. 66ರ ಆಸುಪಾಸಿನಲ್ಲಿ ತೂಕ ನಿಲ್ಲಬೇಕು, ಕಾಲಿಗೆ ಬಲ ಮರಳಬೇಕು. ನಿಮ್ಮ ಪತ್ರದಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ತೂಕದ ಅಂಕಿ ಅಲ್ಲ, ಕಮೋಡ್‌ನಿಂದ ತಾವೇ ಏಳುತ್ತಿದ್ದವರಿಗೆ ಈಗ ಇಬ್ಬರ ಆಸರೆ ಬೇಕಾಗಿದೆ ಎಂಬ ಮಾತು.

ಮೊದಲು ಲೆಕ್ಕ ನೋಡೋಣ. 152 ಸೆಂ.ಮೀ. ಎತ್ತರಕ್ಕೆ 74 ಕಿಲೋ ಎಂದರೆ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 32. ಈಗ 28.5ರ ಹತ್ತಿರ. ಭಾರತೀಯರಿಗೆ 25 ದಾಟಿದರೆ ಬೊಜ್ಜು ಎಂದೇ ಲೆಕ್ಕ. ಹಾಗಾಗಿ ನಿಮ್ಮ ನಾದಿನಿ ಹೇಳುವುದು ಪುಸ್ತಕದ ಪ್ರಕಾರ ತಪ್ಪಲ್ಲ. ಆದರೆ ಅದೇ ವೈದ್ಯಶಾಸ್ತ್ರದ ಇನ್ನೊಂದು ಅಳತೆ ಇದೆ. ಆರು ತಿಂಗಳೊಳಗೆ ತೂಕದಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಇಳಿದು, ಜೊತೆಗೆ ಊಟವೂ ಕಡಿಮೆಯಾಗಿದ್ದರೆ ಅದು ಅಪೌಷ್ಟಿಕತೆ, ದೇಹ ದಪ್ಪವಿದ್ದರೂ ಸರಿ. ನಿಮ್ಮ ಅತ್ತೆಯವರದು ಐದು ತಿಂಗಳಲ್ಲಿ ಸುಮಾರು 11 ಇಳಿದಿದೆ. ದಪ್ಪಗಿದ್ದವರಿಗೆ ಪೋಷಣೆ ಸಾಲುತ್ತಿಲ್ಲ ಎಂದರೆ ನಂಬುವವರು ಕಡಿಮೆ, ಆಸ್ಪತ್ರೆಯಲ್ಲೂ ಇದು ಕಣ್ತಪ್ಪಿ ಹೋಗುತ್ತದೆ. ಮುಲುಂಡ್‌ನಿಂದ ಕಲ್ಯಾಣದವರೆಗೆ ಮನೆಮನೆಗೆ ಹೋಗಿ ಮಂಚದ ಮೇಲಿನ ಹಿರಿಯರನ್ನು ನೋಡುವುದೇ ನನ್ನ ಕೆಲಸ. ದೊಡ್ಡ ಹೊಟ್ಟೆ, ಕಡ್ಡಿಯಂಥ ತೊಡೆ, ಇಂಥ ದೇಹ ಅಲ್ಲಿ ಬಹಳ ಸಾಮಾನ್ಯ. ಅತ್ತೆಯವರ ಸೀರೆ ಸ್ವಲ್ಪ ಮೇಲೆತ್ತಿ ತೊಡೆಯನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿ. ಜೋತುಬಿದ್ದ ಚರ್ಮದ ಕೆಳಗೆ ಗಟ್ಟಿಯಾದದ್ದೇನೂ ಸಿಗದಿದ್ದರೆ ನಾನು ಹೇಳುತ್ತಿರುವುದು ಅದನ್ನೇ.

ಇಳಿದ ಎಂಟು ಕಿಲೋ ಪೂರ್ತಿ ಕೊಬ್ಬಲ್ಲ. ಮೂಳೆ ಮುರಿದು ಮಲಗಿದ ಹಿರಿಯರಲ್ಲಿ ಮಾಂಸಖಂಡ ಕರಗುವ ವೇಗ ಗಾಬರಿ ಹುಟ್ಟಿಸುವಂಥದ್ದು. ಆರೋಗ್ಯವಾಗಿದ್ದ ವಯಸ್ಸಾದವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಪುಟ್ಟ ಪ್ರಯೋಗದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸ ಹೋಗಿತ್ತು. ಅವರಿಗೆ ಮೂಳೆ ಮುರಿದಿರಲಿಲ್ಲ, ಆಪರೇಶನ್ ಆಗಿರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ. ನಿಮ್ಮ ಅತ್ತೆಯವರಿಗೆ ಇವೆಲ್ಲ ಇವೆ, ಮೇಲೆ ಗಂಜಿ.

ಗಂಜಿಯ ಬಗ್ಗೆ ನನಗೆ ದ್ವೇಷವಿಲ್ಲ, ನಾನೂ ಅದೇ ಕರಾವಳಿಯವನು. ಜ್ವರ ಬಂದು ಬಾಯಿ ಕೆಟ್ಟಾಗ ಅದಕ್ಕಿಂತ ಹಿತವಾದದ್ದಿಲ್ಲ. ಆದರೆ ಒಂದು ಬಟ್ಟಲು ತೆಳು ಗಂಜಿಯಲ್ಲಿ ಪ್ರೋಟೀನ್ ಎರಡು-ಮೂರು ಗ್ರಾಂ ಇದ್ದರೆ ಹೆಚ್ಚು. ನೀವು ಬರೆದಿರುವ ಇಡೀ ದಿನದ ಊಟ ಕೂಡಿಸಿದರೂ 20 ಗ್ರಾಂ ದಾಟುವುದು ಕಷ್ಟ. ಈ ವಯಸ್ಸಿನಲ್ಲಿ, ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿರುವಾಗ, ಕಿಲೋ ತೂಕಕ್ಕೆ ಕನಿಷ್ಠ ಒಂದರಿಂದ 1.2 ಗ್ರಾಂ ಬೇಕು. ಅವರಿಗೆ ದಿನಕ್ಕೆ 65 ಗ್ರಾಂ ಗುರಿ ಇಟ್ಟುಕೊಳ್ಳಿ. ಸಿಗದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಒಡೆದು ಬಳಸಿಕೊಳ್ಳುತ್ತದೆ, ಹೊಟ್ಟೆಯ ಕೊಬ್ಬನ್ನು ಮಾತ್ರ ಕರಗಿಸು ಎಂದರೆ ಕೇಳುವುದಿಲ್ಲ.

ಇನ್ನು 'ತೂಕ ಇಳಿದರೆ ಎತ್ತಲು ಸುಲಭ' ಎಂಬ ಮಾತು. ಮಾವಶಿಯ ಕಷ್ಟ ಸುಳ್ಳಲ್ಲ, ಬೆನ್ನು ಹಿಡಿದರೆ ಆಕೆಯ ದಿನಗೂಲಿಯೂ ನಿಂತಿತು. ಆದರೆ ಎಚ್ಚರವಿದ್ದ ಮಗುವಿಗಿಂತ ನಿದ್ದೆ ಹೋದ ಮಗುವನ್ನು ಎತ್ತುವುದು ಕಷ್ಟ ಎಂಬುದು ತಾಯಂದಿರಿಗೆಲ್ಲ ಗೊತ್ತು. ಎರಡು ತಿಂಗಳ ಹಿಂದೆ, ಇದಕ್ಕಿಂತ ತೂಕವಿದ್ದಾಗ, ಅತ್ತೆಯವರು ತಮ್ಮ ಕಾಲಿನಿಂದ ನೆಲ ಒತ್ತಿ, ಕೈಯಿಂದ ವಾಕರ್ ಊರಿ, ಭಾರದ ಬಹುಪಾಲು ತಾವೇ ಹೊರುತ್ತಿದ್ದರು. ಈಗ 66ರಲ್ಲಿ ಹೆಚ್ಚಿನ ಭಾರ ಹಿಡಿದವರ ಮೇಲೆ. ಇನ್ನೂ ಹತ್ತು ಕಿಲೋ ಇಳಿದು ಕಾಲಿನ ಬಲ ಪೂರ್ತಿ ಹೋದರೆ ಆ 56 ಕಿಲೋ ಇಂದಿನ 66ಕ್ಕಿಂತ ಭಾರವಾಗುತ್ತದೆ. ಬ್ಯೂರೋದವರಿಗೆ ಇದನ್ನು ಹೀಗೇ ಹೇಳಿ.

ಹಾಗೆಂದು ದಪ್ಪವಿದ್ದರೆ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಭಾರವಾದ ದೇಹದ ಕಷ್ಟಗಳು ನಿಜವಾದವು. ಮಂಡಿ ನೋವು, ಏದುಸಿರು, ತೊಡೆಸಂದಿ ಮತ್ತು ಎದೆಯ ಕೆಳಗಿನ ಮಡಿಕೆಗಳಲ್ಲಿ ಬೆವರಿ ಹುಣ್ಣು, ಡೈಪರ್ ಬದಲಿಸಲು ಮಗ್ಗುಲಾಗಿಸಲಿಕ್ಕೂ ಇಬ್ಬರು. ತೀರಾ ತೆಳ್ಳಗಿನವರ ಪಾಡು ಬೇರೆ. ಮೂಳೆ ಚರ್ಮಕ್ಕೆ ಒತ್ತಿ ಬೆನ್ನಹುಣ್ಣು ಬೇಗ ಆಗುತ್ತದೆ, ಒಂದು ನ್ಯುಮೋನಿಯಾ ಬಂದರೆ ತಡೆದುಕೊಳ್ಳಲು ಒಳಗೆ ದಾಸ್ತಾನಿರುವುದಿಲ್ಲ. ಎಪ್ಪತ್ತು ದಾಟಿದವರಲ್ಲಿ ಸ್ವಲ್ಪ ಮೈಕೈ ತುಂಬಿಕೊಂಡಿರುವುದು ಅಂಥ ಅಪಾಯವಲ್ಲ, ಇದ್ದಕ್ಕಿದ್ದಂತೆ ಇಳಿಯುವುದೇ ಹೆಚ್ಚು ಆತಂಕದ್ದು.

ಈಗ 'ಹಸಿವಿಲ್ಲ' ಎಂಬ ಮಾತಿಗೆ ಬರೋಣ. ನನ್ನ ಅನುಭವದಲ್ಲಿ ಮನೆಯವರು ಅತಿ ಬೇಗ ಒಪ್ಪಿಕೊಂಡು ಸುಮ್ಮನಾಗುವ ಮಾತು ಇದು. ವಯಸ್ಸಾಯಿತು, ಇನ್ನೆಷ್ಟು ತಿಂದಾರು ಎಂದು. ಸ್ವಲ್ಪ ಕೆದಕಿದರೆ ಕೆಳಗೆ ಬೇರೆ ಕಾರಣ ಇರುತ್ತದೆ. ಬಹಳ ಹೆಂಗಸರು ಉಣ್ಣುವುದು, ನೀರು ಕುಡಿಯುವುದು ಬಿಡುವುದು ಹೊಟ್ಟೆಯ ದೆಸೆಯಿಂದಲ್ಲ, ಸಂಡಾಸಿನ ದೆಸೆಯಿಂದ. ತಿಂದರೆ ಹೋಗಬೇಕು, ಹೋದರೆ ಯಾರನ್ನೋ ಕರೆಯಬೇಕು, ಕರೆದರೆ ಆಕೆ ಮುಖ ಸಿಂಡರಿಸುತ್ತಾಳೆ. ಮಗ-ಸೊಸೆ ದುಡಿದು ದಣಿದು ಬಂದಿದ್ದಾರೆ, ರಾತ್ರಿ ಎರಡು ಗಂಟೆಗೆ ಅವರನ್ನು ಎಬ್ಬಿಸುವುದು ಹೇಗೆ? ಜೀವನಪೂರ್ತಿ ಇನ್ನೊಬ್ಬರ ಬಾಯಿಗೆ ಬಡಿಸಿದ ಹೆಂಗಸು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, 'ಹಸಿವಿಲ್ಲ ಮಗಾ' ಎನ್ನುತ್ತಾರೆ. ಭಾನುವಾರ ಮಾವಶಿ ಇಲ್ಲದ ಹೊತ್ತಿನಲ್ಲಿ, ಯಜಮಾನರನ್ನೂ ಹೊರಗೆ ಕಳಿಸಿ, ನೀವೊಬ್ಬರೇ ಕೂತು ಮೆಲ್ಲಗೆ ಕೇಳಿ. ತಮ್ಮ 'ಜಡ' ದೇಹದ ಬಗ್ಗೆ ಮನೆಯಲ್ಲಿ ನಡೆದ ಮಾತೆಲ್ಲ ಅವರ ಕಿವಿಗೂ ಬಿದ್ದಿದೆ ಎಂಬುದು ನೆನಪಿರಲಿ. ಮರಾಠಿ ಅವರಿಗೆ ಅರ್ಥವಾಗದು ಎಂದುಕೊಳ್ಳಬೇಡಿ.

ಎರಡನೆಯದು ಹೊತ್ತು. ನಿಮ್ಮ ಮಾವಶಿ ಎಂಟಕ್ಕೆ ಹೊರಡುವವರು. ಪಾತ್ರೆ ತೊಳೆದು, ಹಾಸಿಗೆ ಸರಿಮಾಡಿ ಹೊರಡಬೇಕಾದ ಕಾರಣ ರಾತ್ರಿಯ ಗಂಜಿ ಆರೂವರೆಗೇ ಮುಗಿದಿರುತ್ತದೆ ಎಂದು ಊಹಿಸುತ್ತೇನೆ. ಈ ಕಡೆಯ ಹೆಚ್ಚಿನ ಮನೆಗಳಲ್ಲಿ ಹೀಗೇ. ಮರುದಿನ ಎಂಟೂವರೆಗೆ ಮತ್ತೆ ಗಂಜಿ. ನಡುವೆ ಹದಿನಾಲ್ಕು ಗಂಟೆ ಬರಿಹೊಟ್ಟೆ, ಅದೂ ಗ್ಲಿಮೆಪಿರೈಡ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ. ಈ ಮಾತ್ರೆ ಊಟ ಮಾಡಿದರೂ ಬಿಟ್ಟರೂ ಸಕ್ಕರೆ ಇಳಿಸುತ್ತದೆ. 74 ಕಿಲೋ ತೂಕಕ್ಕೆ, ಮೂರು ಹೊತ್ತಿನ ಊಟಕ್ಕೆ ಹೊಂದಿಸಿದ ಡೋಸ್ ಈಗಲೂ ಅದೇ ಇದ್ದರೆ ಬೆಳಗಿನ ಜಾವ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆಳಿಗ್ಗೆ ಎದ್ದಾಗ ಬೆವರು, ನಡುಕ, ಗೊಂದಲದ ಮಾತು ಇದ್ದರೆ ಅದನ್ನು ಅರುಳು-ಮರುಳು ಎಂದು ತಳ್ಳಿಹಾಕಬೇಡಿ, ತಕ್ಷಣ ಗ್ಲುಕೋಮೀಟರ್‌ನಲ್ಲಿ ನೋಡಿ. ಬಿ.ಪಿ. ಮಾತ್ರೆಯದೂ ಇದೇ ಕತೆ. ತೂಕ ಇಳಿದಾಗ ಬಿ.ಪಿ.ಯೂ ಇಳಿಯುತ್ತದೆ, ಹಳೆಯ ಡೋಸ್‌ನಲ್ಲಿ ಎದ್ದು ನಿಂತೊಡನೆ ತಲೆಸುತ್ತು ಬರುತ್ತದೆ. ಮಲಗಿದಾಗಲೊಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೊಮ್ಮೆ ಬಿ.ಪಿ. ನೋಡಿ ಬರೆದಿಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು. ಕಾಲಿಗೆ ಬಲವಿಲ್ಲ ಎಂದುಕೊಂಡದ್ದರಲ್ಲಿ ಅರ್ಧ ಈ ತಲೆಸುತ್ತಿನ ಭಯವೂ ಇರಬಹುದು. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಆದರೆ ಈ ವಾರವೇ ನಿಮ್ಮ ಫ್ಯಾಮಿಲಿ ಡಾಕ್ಟರಿಗೆ 'ತೂಕ ಎಂಟು ಕಿಲೋ ಇಳಿದಿದೆ, ಊಟ ಅರ್ಧವಾಗಿದೆ' ಎಂದು ಹೇಳಿ ಡೋಸ್ ಮರುಪರಿಶೀಲನೆ ಮಾಡಿಸಿ. ಮೆಟ್‌ಫಾರ್ಮಿನ್ ಕೂಡ ಕೆಲವರಲ್ಲಿ ಹಸಿವು ಕೊಲ್ಲುತ್ತದೆ, ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗುತ್ತದೆ.

ಹಲ್ಲಿನ ಸೆಟ್ ಇದ್ದರೆ ಅದನ್ನೂ ನೋಡಿ. ತೂಕ ಇಳಿದಾಗ ಸೆಟ್ ಸಡಿಲವಾಗಿ ಒಸಡು ಕೆರೆಯುವುದುಂಟು, ಆಗ ಗಂಜಿ ಬಿಟ್ಟು ಬೇರೇನೂ ರುಚಿಸುವುದಿಲ್ಲ. ಮಲಬದ್ಧತೆ, ಬಾಯಿಹುಣ್ಣು, ಖಿನ್ನತೆ ಇವೂ ಪಟ್ಟಿಯಲ್ಲಿವೆ.

ನೀವು ಊಟ ಕಡಿಮೆ ಮಾಡಿದ್ದಕ್ಕೇ ತೂಕ ಇಳಿದಿರಬಹುದು. ಹಾಗೆಂದು ಬೇರೆ ಕಾರಣ ಇಲ್ಲವೆಂದು ಕೂರಲಾಗದು. ಹಿಮೋಗ್ಲೋಬಿನ್, ಥೈರಾಯ್ಡ್, ಮೂರು ತಿಂಗಳ ಸಕ್ಕರೆಯ ಸರಾಸರಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ವಿಟಮಿನ್ ಡಿ, ಬಿ12 ಇಷ್ಟು ರಕ್ತಪರೀಕ್ಷೆ, ಎದೆಯ ಒಂದು ಎಕ್ಸ್‌ರೇ. ಮುಂಬಯಿಯ ಸುತ್ತಮುತ್ತ ಸಕ್ಕರೆ ಕಾಯಿಲೆಯವರ ತೂಕ ಇಳಿದರೆ ಕ್ಷಯವನ್ನು ಮರೆಯುವಂತಿಲ್ಲ. ಕೆಮ್ಮು ಇಲ್ಲದಿದ್ದರೂ ಸರಿ. ರಕ್ತಕ್ಕೆ ಲ್ಯಾಬಿನವರು ಮನೆಗೇ ಬರುತ್ತಾರೆ, ಎಕ್ಸ್‌ರೇಗೆ ಮಾತ್ರ ಒಮ್ಮೆ ಕೆಳಗಿಳಿಸಬೇಕಾದೀತು. ಹಾಗೆ ಹೊರಟ ದಿನವೇ ಆಪರೇಶನ್ ಮಾಡಿದ ಡಾಕ್ಟರನ್ನೂ ಕಂಡು ಎರಡು ಪ್ರಶ್ನೆ ಕೇಳಿ. ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದೇ? ಮೂಳೆ ಸವೆತಕ್ಕೆ ಔಷಧ ಶುರುಮಾಡಬೇಕೇ? ಎರಡನೆಯದನ್ನು ಕೇಳದಿದ್ದರೆ ಎಷ್ಟೋ ಸಲ ಯಾರೂ ಹೇಳುವುದೇ ಇಲ್ಲ. ಆಪರೇಶನ್ ಚೆನ್ನಾಗಿ ಆಗಿರುತ್ತದೆ, ಇನ್ನೊಂದು ಸೊಂಟ ಮುರಿಯಲು ಕಾದಿರುತ್ತದೆ.

ಈಗ ದಾರಿಗಳು. ನಾದಿನಿ ಹೇಳುವ ಇಂಜೆಕ್ಷನ್ ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಇರಬೇಕು. ನಡೆದಾಡುವ, ತಕ್ಕ ವ್ಯಾಯಾಮ ಮಾಡುವ ದಪ್ಪ ಜನರಿಗೆ ಅವು ಒಳ್ಳೆಯ ಔಷಧಗಳೇ. ಅವು ಕೆಲಸ ಮಾಡುವುದು ಹಸಿವು ಕಡಿಮೆ ಮಾಡಿ. ಈಗಲೇ ಉಣ್ಣದವರಿಗೆ, ಮಾಂಸಖಂಡ ಕಳೆದುಕೊಂಡವರಿಗೆ, ಅದು ಈ ಹೊತ್ತಿನಲ್ಲಿ ಬೇಡ. ತೂಕ ಇಳಿಸುವುದು ಮುಂದೆಂದಾದರೂ ಬೇಕೆನಿಸಿದರೆ ವ್ಯಾಯಾಮದ ಜೊತೆಗೇ ಆಗಬೇಕು. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 65 ದಾಟಿದ, ಬೊಜ್ಜಿದ್ದ 107 ಮಂದಿಯನ್ನು ಒಂದು ವರ್ಷ ನೋಡಿದರು. ಬರೀ ಪಥ್ಯ ಮಾಡಿದವರಿಗಿಂತ, ಬರೀ ವ್ಯಾಯಾಮ ಮಾಡಿದವರಿಗಿಂತ, ಎರಡನ್ನೂ ಮಾಡಿದವರ ಓಡಾಟ ಹೆಚ್ಚು ಸುಧಾರಿಸಿತು. ಬರೀ ಪಥ್ಯದವರಲ್ಲಿ ಮಾಂಸಖಂಡವೂ ಮೂಳೆಯೂ ಹೆಚ್ಚು ಸವೆದವು. ಅವರೆಲ್ಲ ತಮ್ಮ ಮನೆಯಲ್ಲಿ ತಾವೇ ಓಡಾಡಿಕೊಂಡಿದ್ದವರು. ನಿಮ್ಮ ಅತ್ತೆ ಮೊದಲು ಆ ಹಂತಕ್ಕೆ ಬರಬೇಕು.

ನೆಂಟರ ಮಾತಿಗೆ ಹೆದರಿ ತುಪ್ಪ, ಶಿರಾ, ಬಾಳೆಹಣ್ಣು ಎಂದು ತುರುಕುವುದು ಇನ್ನೊಂದು ದಾರಿ. ಬೇಗ ನಾಲ್ಕು ಕಿಲೋ ಏರುತ್ತದೆ, ಎಲ್ಲವೂ ಹೊಟ್ಟೆಗೆ. ಸಕ್ಕರೆ ಏರುತ್ತದೆ, ಕಾಲು ಇದ್ದಂತೆಯೇ ಇರುತ್ತದೆ. ಡಬ್ಬಿಯ ಪ್ರೋಟೀನ್ ಪುಡಿಯ ಬಗ್ಗೆಯೂ ಕೇಳುತ್ತಾರೆ. ಊಟದಿಂದ ಆಗದಿದ್ದಾಗ ಸಹಾಯವಾದೀತು, ಆದರೆ ಹಲವು ಡಬ್ಬಿಗಳಲ್ಲಿ ಪ್ರೋಟೀನಿಗಿಂತ ಸಕ್ಕರೆಯೇ ಹೆಚ್ಚು. ಹಿಂಬದಿಯ ಅಂಕಿ ಓದದೆ ಕೊಳ್ಳಬೇಡಿ.

ನಾನು ಹೇಳುವುದು ಅಡಿಗೆಮನೆಯಲ್ಲೇ ಇದೆ. ಮುಳ್ಳಿನ ಭಯಕ್ಕೆ ಮೀನು ಬಿಡಿಸಬೇಕಿಲ್ಲ. ಬೂತಾಯಿ ಬೇಡ, ಅಂಜಲ್ ತನ್ನಿ, ಡೊಂಬಿವಲಿಯ ಮಾರುಕಟ್ಟೆಯಲ್ಲಿ ಸುರ್ಮಾಯಿ ಎಂದರೆ ಕೊಡುತ್ತಾರೆ. ನಡುಮುಳ್ಳು ತೆಗೆದು, ಬೆರಳಲ್ಲಿ ಹಿಸುಕಿ ನೋಡಿ, ಮಧ್ಯಾಹ್ನದ ಅನ್ನಕ್ಕೆ ಕಲಸಿ ಕೊಡಿ. ನೂರು ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್. ಎರಡು ಮೊಟ್ಟೆ ಎಂದರೆ 12. ಹಾಲು-ಮೊಸರು ಸೇರಿ ದಿನಕ್ಕೆ 400 ಮಿ.ಲೀ. ಹೋದರೆ 12-13. ತಿಳಿಸಾರಿನ ಬದಲು ಎರಡು ಹೊತ್ತು ಗಟ್ಟಿ ತೊವ್ವೆ ಎಂದರೆ ಇನ್ನೊಂದು 12. ಉಳಿದದ್ದು ಅನ್ನ, ಇಡ್ಲಿಯಿಂದ ಬರುತ್ತದೆ. ಸೋಮವಾರ, ಸಂಕಷ್ಟಿ, ಶ್ರಾವಣ ಬಂದಾಗ ಮೀನಿನ ಜಾಗಕ್ಕೆ ಪನೀರ್ ಪುಡಿಮಾಡಿ ಪಲ್ಯ ಮಾಡಿ. ಗಂಜಿಯೇ ಬೇಕೆಂದು ಹಟ ಹಿಡಿದರೆ ಗಂಜಿಯೇ ಇರಲಿ, ಹೆಸರುಬೇಳೆ ಹಾಕಿ ಬೇಯಿಸಿ, ಮೊಟ್ಟೆ ಪಕ್ಕಕ್ಕಿರಲಿ. ಪ್ರೋಟೀನ್ ತಿಂದರೆ ಕಿಡ್ನಿ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ ನಿಮ್ಮ ಡಾಕ್ಟರನ್ನು ಕೇಳಿ. ಕಿಡ್ನಿ ಮೊದಲೇ ಕುಗ್ಗಿದವರಿಗೆ ಮಾತ್ರ ಮಿತಿ ಬೇಕು, ಸಕ್ಕರೆ ಕಾಯಿಲೆಯವರಲ್ಲಿ ಅಂಥವರು ಕಡಿಮೆಯೇನಿಲ್ಲ. ಹಾಗಾಗಿ ಈ ಪರೀಕ್ಷೆ ಮೊದಲು, 65 ಗ್ರಾಂ ನಂತರ. ರಾತ್ರಿ ನೀವು ಬಂದ ಮೇಲೆ ಒಂಬತ್ತಕ್ಕೆ ಒಂದು ಲೋಟ ಸಕ್ಕರೆ ಹಾಕದ ಹಾಲು ನಿಮ್ಮ ಕೈಯಿಂದ ಕೊಡಿ. ನಿಮ್ಮ ಜೊತೆ ಕೂತು ಕುಡಿಯಲಿ.

ಊಟ ಒಂದೇ ಸಾಲದು. ಉಂಡ ಪ್ರೋಟೀನ್ ಕಾಲಿಗೆ ಹೋಗಬೇಕಾದರೆ ಕಾಲಿಗೆ ಕೆಲಸ ಬೇಕು. ಮೂಳೆ ಡಾಕ್ಟರ್ ಒಪ್ಪಿದ ಮೇಲೆ ಮನೆಗೆ ಬರುವ ಫಿಸಿಯೋಥೆರಪಿಸ್ಟ್ ವಾರಕ್ಕೆ ಮೂರು ದಿನ ಸಿಕ್ಕರೆ ಒಳ್ಳೆಯದು. ಆಗದಿದ್ದರೆ ಎರಡು ಸಲ ಕರೆಸಿ ಮಾವಶಿಗೆ ಕಲಿಸಿಕೊಡುವಂತೆ ಹೇಳಿ. ಕಲಿಯಬೇಕಾದದ್ದು ಮುಖ್ಯವಾಗಿ ಒಂದೇ: ಕುರ್ಚಿಯಿಂದ ಏಳುವುದು. ಕೈಯಿರುವ ಗಟ್ಟಿ ಕುರ್ಚಿ, ಗೋಡೆಗೆ ಒತ್ತಿ ಇಟ್ಟದ್ದು, ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿದ್ದು. ಅತ್ತೆಯವರು ಕುರ್ಚಿಯ ಅಂಚಿಗೆ ಜರುಗಬೇಕು, ಪಾದಗಳು ಮಂಡಿಗಿಂತ ಸ್ವಲ್ಪ ಹಿಂದೆ, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಕುರ್ಚಿಯ ಕೈ ಒತ್ತಿ ಏಳಬೇಕು. ಹೆಚ್ಚಿನವರು ಸೋಲುವುದು ಬಾಗುವ ಹಂತದಲ್ಲಿ. ಬಿದ್ದ ಭಯಕ್ಕೆ ಬೆನ್ನು ಹಿಂದಕ್ಕೆ ವಾಲಿಸುತ್ತಾರೆ, ಆಗ ಯಾರ ಕಾಲೂ ಮೇಲೇಳುವುದಿಲ್ಲ. ಹಿಡಿಯುವವರು ಪಕ್ಕದಲ್ಲಿ ನಿಂತು ಸೊಂಟಕ್ಕೆ ಕಟ್ಟಿದ ಅಗಲ ಪಟ್ಟಿ ಹಿಡಿಯಬೇಕು. ಕಂಕುಳಲ್ಲಿ ಕೈಹಾಕಿ ಎಳೆಯುವುದು, ಎರಡೂ ಕೈ ಹಿಡಿದು ಜಗ್ಗುವುದು ಕೂಡದು, ಭುಜದ ಕೀಲು ಜಾರುತ್ತದೆ, ಹಿಡಿದವರ ಬೆನ್ನೂ ಹೋಗುತ್ತದೆ. ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ. ಎರಡೇ ಆದರೆ ಎರಡೇ ಸಾಕು. ಸುಲಭವಾದಂತೆ ದಿಂಬು ತೆಳುವಾಗಲಿ. ಇದರಲ್ಲೂ ಅಪಾಯ ಇಲ್ಲದಿಲ್ಲ: ಬೀಳಬಹುದು, ನೋವಾಗಬಹುದು, ಮೊದಲ ವಾರ ಬೈಯುತ್ತಾರೆ. ಮಾವಶಿ ಒಬ್ಬರೇ ಇರುವಾಗ ಮಾಡಿಸುವುದು ಬೇಡ ಎಂದು ಫಿಸಿಯೋ ಹೇಳಿದರೆ ನೀವಿರುವ ಹೊತ್ತಿಗೆ ಇಟ್ಟುಕೊಳ್ಳಿ. ಜೊತೆಗೆ ಕಮೋಡ್ ಮೇಲೆ ಎತ್ತರದ ಸೀಟು ಕೂರಿಸಿ, ಪಕ್ಕದ ಗೋಡೆಗೆ ಉಕ್ಕಿನ ಹಿಡಿ ಹಾಕಿಸಿ. ಅದು ಆಗುವ ದಿನವೇ ಅರ್ಧ ಕೆಲಸ ಹಗುರಾಗುತ್ತದೆ.

ತೂಕ ನೋಡುವುದು ತಿಂಗಳಿಗೊಮ್ಮೆ ಸಾಕು. ಅಲುಗಾಡದೆ ನಿಲ್ಲಲಾಗದವರನ್ನು ಬಚ್ಚಲಿನ ತೂಕದ ಯಂತ್ರದ ಮೇಲೆ ಹತ್ತಿಸುವ ಸಾಹಸ ಬೇಡ. ಬಿಲ್ಡಿಂಗ್ ಕೆಳಗಿನ ರದ್ದಿ ಅಂಗಡಿಯಲ್ಲಿ ಅಗಲವಾದ ತೂಕದ ಮಣೆ ಇದ್ದರೆ ವೀಲ್‌ಚೇರ್ ಸಮೇತ ತೂಗಿ, ಆಮೇಲೆ ಬರೀ ವೀಲ್‌ಚೇರ್ ತೂಗಿ ಕಳೆಯಿರಿ. ಅದಕ್ಕಿಂತ ಮುಖ್ಯ, ಮೀನಖಂಡದ ಅತಿ ದಪ್ಪ ಭಾಗಕ್ಕೆ ಟೇಪು ಸುತ್ತಿ ಬರೆದಿಡಿ. ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಎಂದರೆ ಮಾಂಸಖಂಡ ಕಡಿಮೆ ಎಂಬ ಸೂಚನೆ. ದಪ್ಪಗಿನವರಲ್ಲಿ, ಕಾಲು ಬಾತಿರುವವರಲ್ಲಿ ಈ ಅಂಕಿ ಮೋಸ ಮಾಡುತ್ತದೆ. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದರೆ ಅದು ನೀರು. ಕ್ಯಾಲೆಂಡರಿನಲ್ಲಿ ನಿತ್ಯ ಬರೆಯಬೇಕಾದದ್ದು ಎಷ್ಟು ಸಲ ತಾವೇ ಎದ್ದರು ಎಂಬುದನ್ನು.

ಕೆಲವಕ್ಕೆ ಕಾಯಬೇಡಿ. ಉಣ್ಣುವಾಗ ಪದೇ ಪದೇ ಕೆಮ್ಮು, ನೆತ್ತಿಗೇರುವುದು, ಕಪ್ಪು ಮಲ, ಎರಡು-ಮೂರು ದಿನದಲ್ಲೇ ಕಾಲು ಬಾತು ಏದುಸಿರು, ಎರಡು ದಿನ ಏನೂ ಮುಟ್ಟದಿರುವುದು, ಆಪರೇಶನ್ ಆದ ಸೊಂಟದಲ್ಲಿ ಹೊಸ ನೋವು. ಇಂಥದ್ದು ಕಂಡರೆ ಆ ದಿನವೇ ಡಾಕ್ಟರನ್ನು ಕಾಣಿ.

ಇದೆಲ್ಲ ಶುರುಮಾಡಿ ಮೂರು ತಿಂಗಳು ಕಾಯಿರಿ. ಆಗಲೂ ತೂಕ 66ರಲ್ಲೇ ಇದ್ದು ಅತ್ತೆ ಒಬ್ಬರ ಆಸರೆಯಲ್ಲಿ ಏಳುವಂತಾದರೆ ದಾರಿ ಸರಿಯಿದೆ. ಬಲ ಬರಲಿಲ್ಲವೆಂದರೆ ಅದೂ ಆಗುವುದುಂಟು, ಈ ವಯಸ್ಸಿನ ಸೊಂಟದ ಮುರಿತದ ನಂತರ ಹಲವರು ಮೊದಲಿನ ಓಡಾಟಕ್ಕೆ ಮರಳುವುದಿಲ್ಲ. ಆಗಲೂ ಊಟ ಕಡಿಮೆ ಮಾಡುವುದು ಪರಿಹಾರವಲ್ಲ. ರೋಗಿಯನ್ನು ಎತ್ತುವ ಹಾಯ್ಸ್ಟ್ ಯಂತ್ರ ಮುಂಬಯಿ, ಠಾಣೆಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಅದು ನಿಮ್ಮ ಕೋಣೆಯಲ್ಲಿ ತಿರುಗಲು ಜಾಗ ಇದೆಯೇ, ಮಂಚದ ಕೆಳಗೆ ಅದರ ಕಾಲು ಹೋಗುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳಿ.